ಊರಿಗೆ ಊರೇ ‘ಅಲ್ಲ’ ಎನ್ನಲು ಕಲಿತದ್ದು

ಮೊಯೆಪಂಪಾ,
ಭಾನುವಾರ, ೧೦ ಅಕ್ಟೋಬರ್ ೧೯೯೩

ಪ್ರೀತಿಯ ನಾದಿನಿ ಎವಾರಿಸ್ತಾಳಿಗೆ,

ನಿನ್ನ ಭಾವ ಇನ್ನೂ ಬದುಕಿದ್ದಾನೆ. ಎಡಮಂಡಿಯೊಂದನ್ನು ಬಿಟ್ಟು ಉಳಿದ ಅಂಗಗಳೆಲ್ಲ ಹೇಳಿದ ಮಾತು ಕೇಳುತ್ತಿವೆ. ನೀನು ಈಸ್ಟರ್ ಹಬ್ಬಕ್ಕೆ ಬರೆದ ಕಾಗದಕ್ಕೆ ಅಕ್ಟೋಬರಿನಲ್ಲಿ ಉತ್ತರ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಇಲ್ಲೇ ಬೈದು ಮುಗಿಸಿ ಮುಂದೆ ಓದು. ಸುಕ್ರೆಯಿಂದ ನೀನು ಕಳಿಸಿದ ಚಾಕೊಲೇಟು ತಲುಪಿತು. ಲಾರಿಯವನು ದಾರಿಯಲ್ಲಿ ಎರಡು ತುಂಡು ತಿಂದಿದ್ದ. "ಬಿಸಿಲಿಗೆ ಕರಗಿ ಹೋಗ್ತಿತ್ತು ಮೇಷ್ಟ್ರೇ, ಉಳಿಸಿದೆ" ಅಂದ. ಎಲ್ಲಿ ಉಳಿಸಿದ ಎಂದು ನಾನು ಕೇಳಲಿಲ್ಲ.

ನಿನ್ನ ಕಾಗದದ ಕೊನೆಯಲ್ಲಿ ಅಡಿಗೆರೆ ಎಳೆದು ಬರೆದಿದ್ದೀಯಲ್ಲ, "ಭಾವ, ಆ ಪ್ರೊಟೆಸ್ಟೆಂಟರ ಸಹವಾಸ ಮಾಡಿ ಮಾತೆ ಮರಿಯಮ್ಮನ್ನ ಮರೀಬೇಡ" ಎಂದು. ಮರೆತಿಲ್ಲ ಮಾರಾಯ್ತಿ. ಉರ್ಕುಪಿನ್ಯಾದ ಮಾತೆಯ ಪಟ ಗೋಡೆಯ ಮೇಲೇ ಇದೆ. ಅದರ ಕೆಳಗೇ ದಿನಾ ಮೂರು ಗಂಟೆಗೆ ಕೊರಿಯಾದ ಡಾಕ್ಟರ್ ಮಿನ್ ಮತ್ತು ಅವರ ಹೆಂಡತಿ, ನರ್ಸ್ ಹೇಸುಕ್, ಕೂತು ಸ್ಪ್ಯಾನಿಷ್ ಕಲಿಯುತ್ತಾರೆ. ಡಾಕ್ಟರು ಒಳಗೆ ಬರುವಾಗ ಪಟಕ್ಕೆ ತಲೆ ಬಗ್ಗಿಸುತ್ತಾರೆ. "ನಿಮ್ಮ ಪಂಥದಲ್ಲಿ ಇದು ಇಲ್ಲವಲ್ಲ?" ಎಂದೆ. "ಮನೆಯಲ್ಲಿ ಹಿರಿಯರು ಇದೆ. ನಮಸ್ಕಾರ ಬೇಕು" ಎಂದರು. ಈಗ ನೀನೇ ಹೇಳು, ಇಂಥವರನ್ನು ನಾನು ಹೇಗೆ ದೂರ ಇಡಲಿ?

ಫೆಬ್ರವರಿಯಲ್ಲಿ ಅವರ ಮಿಷನ್ನಿನವರು ಇಬ್ಬರನ್ನೂ ಇಲ್ಲಿ ಇಳಿಸಿ ಹೋದಾಗ, ಊರಿನಲ್ಲಿ ಇಂಗ್ಲಿಷ್ ಬಲ್ಲವರು ಯಾರು ಎಂಬ ಪ್ರಶ್ನೆ ಎದ್ದಿತು. ಎಲ್ಲ ಬೆರಳೂ ನನ್ನ ಕಡೆ ತಿರುಗಿದವು. ನಾನು ಕಾಲೇಜಿನಲ್ಲಿ ಇಂಗ್ಲಿಷ್ ಓದಿದ್ದು ನಿಜ. ದಟ್ ಈಸ್ ಟು ಸೇ, ಪುಸ್ತಕದ ಮೊದಲ ಹನ್ನೊಂದು ಪಾಠ ಇವತ್ತಿಗೂ ಬಾಯಿಗೆ ಬರುತ್ತದೆ. ಹನ್ನೆರಡನೆಯ ಪಾಠದ ಹೊತ್ತಿಗೆ ನಿನ್ನಕ್ಕ ದೊರೊತೆಯಾಳ ಪರಿಚಯವಾಯಿತು. ಈ ಕೊರಿಯಾದ ಗಂಡಹೆಂಡಿರದ್ದೂ ಪುಸ್ತಕದ ಇಂಗ್ಲಿಷೇ. ನನ್ನ ಅರ್ಧ, ಅವರ ಅರ್ಧ ಸೇರಿಸಿಕೊಂಡು ಒಂದು ಸೇತುವೆ ಕಟ್ಟಿದೆವು. ದೊರೊತೆಯಾ ಹೋದ ಆರು ವರ್ಷದಲ್ಲಿ ಈ ಮನೆಯಲ್ಲಿ ಒಂದೇ ಸಲಕ್ಕೆ ಮೂರು ಲೋಟ ತೊಳೆಯಬೇಕಾಗಿ ಬಂದದ್ದು ಇದೇ ಮೊದಲು, ಎವಾರಿಸ್ತಾ. ತೊಳೆಯುವಾಗ ಶಿಳ್ಳೆ ಹಾಕುತ್ತೇನಂತೆ. ಪಕ್ಕದ ಮನೆಯವಳು ದೂರು ಹೇಳಿದಳು.

ಈಗ ಗಾಬರಿಯ ವಿಷಯ. ಬುಧವಾರ ಕೊಚಬಾಂಬಾದಿಂದ ಮಿಷನ್ನಿನ ಮೂವರು ಹಿರಿಯರು ಬಂದು ಇವರಿಗೆ ಸ್ಪ್ಯಾನಿಷ್ ಪರೀಕ್ಷೆ ಮಾಡುತ್ತಾರೆ. ನೂರಕ್ಕೆ ಐವತ್ತೊಂದು ಬೇಕು. ಇಬ್ಬರಿಗೂ ಬಂದರೆ ದವಾಖಾನೆ ಉಳಿಯುತ್ತದೆ. ಒಬ್ಬರಿಗೆ ಬರದಿದ್ದರೂ ಬಾಗಿಲಿಗೆ ಬೀಗ, ಇಬ್ಬರೂ ವಾಪಸ್ ಕೊರಿಯಾಕ್ಕೆ, ನಾವು ಮತ್ತೆ ಹೊಟ್ಟೆ ಹಿಡಿದುಕೊಂಡು ಪಟ್ಟಣದ ಆಸ್ಪತ್ರೆಗೆ ನಾಲ್ಕು ಗಂಟೆ ಲಾರಿಯಲ್ಲಿ. ಹೇಸುಕ್ ಪಾಸಾಗುತ್ತಾಳೆ, ಅವಳ ಬಗ್ಗೆ ಚಿಂತೆಯಿಲ್ಲ. ಡಾಕ್ಟರ ಕ್ರಿಯಾಪದಗಳನ್ನು ನೆನೆದರೆ ನನಗೆ ಜ್ವರ ಬರುತ್ತದೆ. ನಿನ್ನೆ ಹೋಗುವಾಗ "ಮೇಷ್ಟ್ರೇ, ನಾಳೆ ನಾನು ಬಂದಿದ್ದೆ" ಎಂದರು.

ತಪ್ಪು ಅವರದಲ್ಲ. ನಮ್ಮ ಊರಿನ ಗುಣ ನಿನಗೆ ಗೊತ್ತಲ್ಲ; ಮನೆಗೆ ಬಂದವರ ಮಾತನ್ನು ಎದುರಿಗೆ ಅಲ್ಲಗಳೆಯುವುದೂ ಒಂದೇ, ಅವರ ಮುಖಕ್ಕೆ ನೀರು ಎರಚುವುದೂ ಒಂದೇ. ಬಂದ ಹೊಸತರಲ್ಲಿ ಡಾಕ್ಟರು ಬೆಳಿಗ್ಗೆ ಏಳು ಗಂಟೆಗೆ ಸಂತೆಗೆ ಹೋಗಿ ಮಾಂಸ ಮಾರುವ ಫೋರ್ತುನಾತಾಳಿಗೆ "ಶುಭ ಸಂಜೆ" ಎಂದರು. ಅವಳು ಒಂದು ಕ್ಷಣ ಸೂರ್ಯನನ್ನು ನೋಡಿ, "ಶುಭ ಸಂಜೆ ಡಾಕ್ಟ್ರೇ" ಎಂದಳು. ಪಕ್ಕದ ಆಲೂಗಡ್ಡೆಯವಳೂ ಅಂದಳು. ಒಂದು ವಾರದಲ್ಲಿ ಇಡೀ ಸಂತೆ ಬೆಳಗಿನ ಬಿಸಿಲಲ್ಲಿ ನಿಂತು ಶುಭ ಸಂಜೆ ಹೇಳತೊಡಗಿತು. ಮಕ್ಕಳು ಶಾಲೆಯಲ್ಲೂ ಹೇಳಿ ಏಟು ತಿಂದವು.

ದವಾಖಾನೆಯಲ್ಲಿ ಇನ್ನೂ ಚೆಂದ. "ಇಲ್ಲಿ ನೋವಾ?" "ಹೌದು ಡಾಕ್ಟ್ರೇ." "ಇಲ್ಲಿ?" "ಅಲ್ಲೂ ಹೌದು." "ಇಲ್ಲಿ?" "ತಾವು ಮುಟ್ಟಿದ ಮೇಲೆ ಇಲ್ಲ ಅನ್ನೋಕಾಗುತ್ತಾ?" ಏಪ್ರಿಲಿನಲ್ಲಿ ಅವರು ಅರ್ಧ ಊರಿಗೆ ಪಿತ್ತಕೋಶದ ತೊಂದರೆಯಿದೆ ಎಂದು ಬರೆದುಕೊಂಡು, ಇಲ್ಲಿನ ನೀರನ್ನು ಪರೀಕ್ಷೆಗೆ ಕಳಿಸಿದರು.

ನಾನೇನು ಕಮ್ಮಿಯೇ? ಮೇಷ್ಟ್ರಾಗಿ ತಿದ್ದಬೇಕಾದವನು. ಅವರು ಏನು ಹೇಳಿದರೂ "ಪರ್ಫೆಕ್ಟ್, ವೆರಿ ಪರ್ಫೆಕ್ಟ್" ಅಂದೆ. ಅವರು ಅಷ್ಟು ಸಂತೋಷಪಡುತ್ತಿದ್ದರು, ಹೇಗೆ ಕೆಡಿಸಲಿ?

ಇದು ಹೀಗೇ ನಡೆಯುತ್ತಿತ್ತು, ಕಾಸಿಮಿರಾ ಇಲ್ಲದಿದ್ದರೆ. ಬ್ರೆಡ್ಡು ಸುಡುವ ಕಾಸಿಮಿರಾ, ನೀನು ಬಂದಾಗಲೆಲ್ಲ ಅವಳ ಒಲೆಯ ಮುಂದೆ ಹರಟುತ್ತ ಕೂರುತ್ತಿದ್ದೆಯಲ್ಲ, ಅವಳೇ. ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ನಾನು ಮಂಡಿ ತೋರಿಸಲು ದವಾಖಾನೆಯ ಬೆಂಚಿನಲ್ಲಿ ಕೂತಿದ್ದೆ. ಅವಳು ನನಗಿಂತ ಮುಂಚೆ ಒಳಗೆ ಹೋದಳು. ಬಾಗಿಲು ತೆರೆದೇ ಇತ್ತು.

"ಹೊಟ್ಟೆ ನೋವು ಇದೆಯಾ, ಅವ್ವ?"

"ಇತ್ತು ಡಾಕ್ಟ್ರೇ. ನಿಮ್ಮ ಮುಖ ನೋಡಿದ್ದೇ ಹೋಯ್ತು."

"ಮಲಗಿ. ನೋಡಬೇಕು."

"ಅಯ್ಯೋ ಯಾಕೆ? ಹೊರಗೆ ಅಷ್ಟು ಜನ ಕಾಯ್ತಿದ್ದಾರೆ. ನಿಮ್ಮ ಮನೆಯವರು ಚೆನ್ನಾಗಿದ್ದಾರಾ? ಇಲ್ಲಿ ಚಳಿ ತಡ್ಕೋತಾರಾ?"

ಒಂದು ಬಾಟಲಿ ಬಿಳಿ ಔಷಧಿ ಹಿಡಿದು ಹೊರಗೆ ಬಂದಳು. "ಚೆನ್ನಾಗಿದ್ದೀರಾ ಮೇಷ್ಟ್ರೇ?" ಎಂದಳು. "ಚೆನ್ನಾಗಿದ್ದೀನಿ, ನೀನು?" "ನಾನೂ ಚೆನ್ನಾಗಿದ್ದೀನಿ." ಮೂವತ್ತು ವರ್ಷ ಬೆನ್ನಿನ ಮೇಲೆ ಬ್ರೆಡ್ಡಿನ ಬುಟ್ಟಿ ಹೊತ್ತು ಇಡೀ ಬೀದಿ ತನ್ನದೇ ಎನ್ನುವಂತೆ ನಡೆದ ಹೆಂಗಸು ಅವಳು. ಈಗ ಬರಿಗೈಯಲ್ಲಿ, ಗೋಡೆ ಹಿಡಿದು, ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದಳು. ನಿಂತಾಗಲೆಲ್ಲ ಏನೋ ನೆನಪಾದವಳಂತೆ ನಟಿಸುತ್ತಿದ್ದಳು. ನಾನು ನನ್ನ ಹ್ಯಾಟಿನ ಅಂಚನ್ನು ತಿರುವುತ್ತ ಕೂತೆ. ಅವಳು ಮೂಲೆ ಮುಟ್ಟುವಷ್ಟರಲ್ಲಿ ನನ್ನ ಕಾಲು ತಾನಾಗಿ ಎದ್ದು ಡಾಕ್ಟರ ಕೋಣೆಗೆ ನಡೆಯಿತು.

"ಡಾಕ್ಟರ್, ಆಕೆ ಚೆನ್ನಾಗಿಲ್ಲ" ಎಂದೆ. ಅರವತ್ತೊಂದು ವರ್ಷದಲ್ಲಿ ಮೊದಲ ಸಲ ಒಬ್ಬ ಡಾಕ್ಟರ ಎದುರು ಅಲ್ಲ ಎಂದದ್ದು. ನನ್ನ ಧ್ವನಿಯೇ ನನಗೆ ಅಪರಿಚಿತವಾಗಿ ಕೇಳಿಸಿತು.

"ಆದರೆ ಆಕೆ ಹೇಳಿದರು, ನೋವು ಹೋಯಿತು..."

"ಅದು ಮರ್ಯಾದೆಗೆ ಹೇಳಿದ್ದು. ನೋವನ್ನ ಕೇಳಬೇಡಿ ಡಾಕ್ಟರ್. ನೋವು ಕೇಳಿದ್ರೆ ನಮ್ಮವರು ಸುಳ್ಳು ಹೇಳ್ತಾರೆ. ಕೆಲಸ ಕೇಳಿ. ಕೆಲಸದ ವಿಷಯದಲ್ಲಿ ಸುಳ್ಳು ಹೇಳೋದು ಪಾಪ ಅಂತ ಇಲ್ಲಿ ಎಲ್ಲರಿಗೂ ಗೊತ್ತು."

ಅವರು ಬಿಳಿ ಕೋಟಿನಲ್ಲೇ ಬೀದಿಗೆ ಓಡಿದರು. ಹಿಂದೆ ಹೇಸುಕ್, ಅವಳ ಹಿಂದೆ ಕುಂಟುತ್ತ ನಾನು. ಮೂಲೆಯಲ್ಲಿ ಕಾಸಿಮಿರಾಳನ್ನು ಹಿಡಿದು ಕೇಳಿದರು:

"ಅವ್ವ, ಇವತ್ತು ಹಿಟ್ಟು ಯಾರು ನಾದಿದರು?"

"ನನ್ನ ಮಗಳು."

"ನಿನ್ನೆ?"

"ಅವಳೇ."

"ಮೊನ್ನೆ?"

ಅವಳು ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತಳು. "ಮೊನ್ನೆ ಒಲೆನೇ ಹಚ್ಚಿಲ್ಲ ಡಾಕ್ಟ್ರಪ್ಪ" ಎಂದಳು, ಕೊಲೆ ಒಪ್ಪಿಕೊಂಡವಳಂತೆ.

ಶುಭ ಶುಕ್ರವಾರ ಬಿಟ್ಟರೆ ಆ ಒಲೆ ಆರಿದ್ದನ್ನು ನೀನು ಕಂಡಿದ್ದೀಯಾ? ಮಧ್ಯಾಹ್ನದೊಳಗೆ ಅವಳು ಆಪರೇಷನ್ ಮೇಜಿನ ಮೇಲಿದ್ದಳು. ನಾನೂ ಅವಳ ಮಗಳೂ ಕಿಟಕಿಯ ಹೊರಗೆ ನಿಂತಿದ್ದೆವು. ಕತ್ತಿ ಹಿಡಿಯುವ ಮೊದಲು ಗಂಡಹೆಂಡಿರು ಪ್ರಾರ್ಥನೆ ಮಾಡುತ್ತಾರೆ, ಯಾವಾಗಲೂ ತಮ್ಮ ಭಾಷೆಯಲ್ಲಿ. ಆ ದಿನ ಕಾಸಿಮಿರಾಳಿಗೂ ತಿಳಿಯಲೆಂದು ಡಾಕ್ಟರು ಸ್ಪ್ಯಾನಿಷಿನಲ್ಲಿ ಶುರುಮಾಡಿದರು: "ಕರ್ತನೇ, ಈ ತಾಯಿಯನ್ನು ನೀನು ನಾಳೆ ಗುಣಪಡಿಸಿದೆ, ನಿನ್ನೆ ಗುಣಪಡಿಸುವೆ..." ಅಲ್ಲಿಗೆ ಸಿಕ್ಕಿಕೊಂಡರು. ಮೇಜಿನ ಮೇಲಿಂದ ಕಾಸಿಮಿರಾ, "ಸಾಕು ಬಿಡಪ್ಪ, ಅವನಿಗೆ ಅರ್ಥ ಆಗಿರುತ್ತೆ. ಕೆಲಸ ಶುರು ಮಾಡು" ಎಂದಳು. ಅಪೆಂಡಿಕ್ಸ್ ಅಂತೆ. ಒಡೆಯಲು ಇನ್ನೊಂದು ದಿನ ಉಳಿದಿತ್ತಂತೆ. ಹತ್ತನೇ ದಿನಕ್ಕೆ ಒಲೆಯ ಮುಂದೆ ಕುರ್ಚಿ ಹಾಕಿಕೊಂಡು ಮಗಳಿಗೆ ಬೈಯುತ್ತಿದ್ದಳು.

ಆ ವಾರ ನಾನು ಪಾಠದಲ್ಲಿ ತಪ್ಪೊಪ್ಪಿಕೊಂಡೆ. "ನಾನು ನಿಮಗೆ ಏಳು ತಿಂಗಳು ಪರ್ಫೆಕ್ಟ್ ಅಂದೆ. ಒಂದು ದಿನವೂ ಅದು ನಿಜ ಇರಲಿಲ್ಲ." ಇಬ್ಬರೂ ಮುಖ ಮುಖ ನೋಡಿಕೊಂಡರು. ಹೇಸುಕ್ ಮೆಲ್ಲಗೆ ಹೇಳಿದಳು, "ಮೇಷ್ಟ್ರೇ, ನಮ್ಮ ದೇಶದಲ್ಲೂ ಗುರುಗಳನ್ನ ತಿದ್ದೋ ಹಾಗಿಲ್ಲ. ಆದ್ರೆ ನೀವು ದಿನಾ ನಮ್ಮನ್ನ ಕಳಿಸಿಕೊಡುವಾಗ ಹೌ ಡು ಯು ಡು ಅಂತೀರಿ. ಅದು ಬಂದಾಗ ಹೇಳೋದು." ಏಳು ತಿಂಗಳು ಅವರೂ ಬಾಗಿಲಲ್ಲಿ ನಿಂತು ನನಗೆ "ಹೌ ಡು ಯು ಡು" ಎಂದು ಹೇಳಿ ಮನೆಗೆ ಹೋಗಿದ್ದರು! ಮೂವರೂ ನಕ್ಕೆವು ನೋಡು, ಡಾಕ್ಟರ ಕನ್ನಡಕ ಕಳಚಿ ಲೋಟದೊಳಗೆ ಬಿತ್ತು.

ಅಂದಿನಿಂದ ಅಲ್ಲ ಎನ್ನುವ ಪಾಠ. ಊರಿಗೆಲ್ಲ ಹೇಳಿ ಕಳಿಸಿದೆ: ಡಾಕ್ಟರು ತಪ್ಪು ಮಾತಾಡಿದರೆ ಅಲ್ಲೇ ತಿದ್ದಬೇಕು, ಇದು ಅವರದೇ ಅಪ್ಪಣೆ. ಮೊದಲ ಎರಡು ದಿನ ಯಾರೂ ಬಾಯಿ ಬಿಡಲಿಲ್ಲ. ಮೂರನೇ ದಿನ ಫೋರ್ತುನಾತಾ ಕತ್ತಿ ಎತ್ತಿ ಹಿಡಿದು, "ಅಲ್ಲ ಡಾಕ್ಟ್ರಪ್ಪ, ಹುಂಜ ಇನ್ನೂ ಕೂಗ್ತಾ ಇದೆ, ಎಂಥ ಸಂಜೆ ನಿಂದು?" ಎಂದಳು. ಅಷ್ಟೇ, ಕಟ್ಟೆ ಒಡೆಯಿತು. ಏಳು ತಿಂಗಳಿಂದ ನುಂಗಿಕೊಂಡಿದ್ದವರಲ್ಲವೇ? ಈಗ ಅವರ ಕೋಟಿನ ಬಣ್ಣ ಸರಿಯಿಲ್ಲ ಎಂದೂ ತಿದ್ದುತ್ತಾರೆ. ಆದರೂ ಬುಧವಾರಕ್ಕೆ ಇದು ಸಾಕೇ? ಸಾಲದು ಎಂದೇ ನನ್ನ ಲೆಕ್ಕ. ಕಾಗದವನ್ನು ಇಲ್ಲಿಗೆ ನಿಲ್ಲಿಸುತ್ತೇನೆ, ಫಲಿತಾಂಶ ಸೇರಿಸಿಯೇ ಕಳಿಸುತ್ತೇನೆ.

ಗುರುವಾರ, ೧೪

ಎವಾರಿಸ್ತಾ, ಕೇಳು. ನಿನ್ನೆ ಪರೀಕ್ಷೆ ಶಾಲೆಯ ದೊಡ್ಡ ಕೋಣೆಯಲ್ಲಿ ನಡೆಯಿತು. ಕಿಟಕಿಗಳಲ್ಲಿ ಊರೇ ತುಂಬಿತ್ತು. ಹೇಸುಕ್‌ಗೆ ಎಂಬತ್ತಮೂರು. ಬೈಬಲ್ ಓದಿದ್ದನ್ನು ಕೇಳಿದರೆ ನಮ್ಮ ಪಾದ್ರಿಯೂ ನಾಚಬೇಕು. ಆಮೇಲೆ ಡಾಕ್ಟರು. ಭೂತ ಭವಿಷ್ಯ ಎಲ್ಲ ಕಲಸಿ ಗಂಜಿ ಮಾಡಿದರು. ನಾನು ಹಿಂದಿನ ಬೆಂಚಿನಲ್ಲಿ ಕಣ್ಣು ಮುಚ್ಚಿ ಮಾತೆಗೆ ಮೂರು ಮೇಣದಬತ್ತಿ ಹರಸಿಕೊಂಡೆ. ಪ್ರೊಟೆಸ್ಟೆಂಟರಿಗಾಗಿ ಹರಸಿಕೊಂಡದ್ದು, ಅವಳು ತಪ್ಪು ತಿಳಿಯಲಿಕ್ಕಿಲ್ಲ.

ಮೂವರಲ್ಲಿ ಹಿರಿಯರು ಪಾಸ್ಟರ್ ಅಬುಂದಿಯೊ ಅಂತ, ನಮ್ಮ ಕಣಿವೆಯವರೇ. ಕಾಸಿಮಿರಾಳನ್ನು ಸಾಕ್ಷಿಗೆ ಕರೆದರು. "ತಾಯೀ, ಈ ಡಾಕ್ಟರ ಮಾತು ನಿಮಗೆ ಅರ್ಥ ಆಗುತ್ತಾ?"

"ಇಲ್ಲ ಸ್ವಾಮಿ" ಎಂದಳು. ನಾನು ನಾಲ್ಕನೆಯ ಮೇಣದಬತ್ತಿ ಹರಸಿಕೊಂಡೆ. "ಅರ್ಧ ಅರ್ಥ ಆಗಲ್ಲ. ಆದ್ರೆ ನಮ್ಮ ಮಾತು ಅವರಿಗೆ ಅರ್ಥ ಆಗುತ್ತೆ. ನಾವು ಹೇಳದೇ ಇದ್ದಿದ್ದೂ."

ಪಾಸ್ಟರು ಏನನ್ನೋ ಗೀಚಿಕೊಂಡು, ಡಾಕ್ಟರ ಕೈ ಕುಲುಕಿ, "ಬಹಳ ಚೆನ್ನಾಗಿ ಮಾತಾಡಿದಿರಿ, ಸೋದರ" ಎಂದರು. ಆಗ ನಮ್ಮ ಡಾಕ್ಟರು ಅವರ ಕೈ ಬಿಡದೆ, ತಲೆ ಬಗ್ಗಿಸಿ ಕೇಳಿದರು: "ಪಾಸ್ಟರ್, ಇದು ನಿಜವೋ, ಮರ್ಯಾದೆಗೋ?"

ಪಾಸ್ಟರು ಅವರನ್ನೇ ನೋಡಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಮರ್ಯಾದೆಗೆ ಸೋದರ, ಮರ್ಯಾದೆಗೆ! ನಿಮ್ಮ ಕ್ರಿಯಾಪದಗಳು ಘೋರ. ಆದರೆ ಈ ಒಂದು ಪ್ರಶ್ನೆ ಕೇಳೋ ಧೈರ್ಯ ನನಗೆ ಇಲ್ಲೇ ಹುಟ್ಟಿಯೂ ಬಂದಿಲ್ಲ." ಮೂವರೂ ಮೂಲೆಗೆ ಹೋಗಿ ಗುಸುಗುಸು ಮಾಡಿದರು. ಐವತ್ತೊಂದು! ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ಫೋರ್ತುನಾತಾ ಕಿಟಕಿ ಹತ್ತಿಯೇ ಒಳಗೆ ಬಂದಳು. ಕಡಲೆಕಾಯಿ ಸಾರು, ಕಾಸಿಮಿರಾಳ ಬ್ರೆಡ್ಡು, ಮಾಂಸ, ಬ್ಯಾಂಡಿನವರು ಇಬ್ಬರು. ಊರಿನವರು ಜೋಳದ ಹೆಂಡ ಚಿಚಾ ಕುಡಿದರು, ಮಿಷನ್ನಿನವರು ನಿಂಬೆ ಪಾನಕ ಕುಡಿದರು, ಕುಣಿತದಲ್ಲಿ ಮಾತ್ರ ಯಾರು ಏನು ಕುಡಿದಿದ್ದಾರೆಂದು ಗೊತ್ತಾಗುತ್ತಿರಲಿಲ್ಲ. ಡಾಕ್ಟರು ಉಳಿಯುತ್ತಾರೆ, ಎವಾರಿಸ್ತಾ. ನನ್ನ ಮೂರು ಗಂಟೆ ಉಳಿಯಿತು.

ನಿನ್ನ ಕೀಲುನೋವಿಗೆ ಒಮ್ಮೆ ಇಲ್ಲಿಗೆ ಬಾ. ನೋವಿದೆಯಾ ಎಂದು ಅವರು ಕೇಳುವುದಿಲ್ಲ, ಮೆಟ್ಟಿಲು ಎಷ್ಟು ದಿನದಿಂದ ಗುಡಿಸಿಲ್ಲ ಎಂದು ಕೇಳುತ್ತಾರೆ, ನೀನು ತಪ್ಪಿಸಿಕೊಳ್ಳಲಾರೆ. ನಿನ್ನ ಮನೆಯಲ್ಲಿ ಬೆಳಕಿರಲಿ, ಒಲೆ ಬೆಚ್ಚಗಿರಲಿ, ಮಾತೆ ನಿನ್ನ ಕೈ ಹಿಡಿದಿರಲಿ.

ನಿನ್ನ ಭಾವ,
ರೆಂಬೆರ್ತೊ

ತಾ.ಕ.: ಕಾಸಿಮಿರಾ ಬೀದಿಯ ಮೂಲೆ ತಲುಪಿದಾಗ ನಾನು ಯಾಕೆ ಎದ್ದೆ ಎಂದು ಬರೆಯಲಿಲ್ಲ. ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದ್ದೇನೆ.

ದೊರೊತೆಯಾಳ ಆಪರೇಷನ್ ಆದ ಮೂರನೇ ದಿನ ಬೆಳಿಗ್ಗೆ ಆಸ್ಪತ್ರೆಯ ಡಾಕ್ಟರು ಹಾಸಿಗೆಯಿಂದ ಹಾಸಿಗೆಗೆ ಬಂದರು. "ಹೇಗಿದ್ದೀರಿ ಅಮ್ಮ?" ಎಂದರು. "ಚೆನ್ನಾಗಿದ್ದೀನಿ ಡಾಕ್ಟ್ರೇ, ತಾವು ಹೇಗಿದ್ದೀರಿ?" ಎಂದಳು. ಹಿಂದಿನ ದಿನದಿಂದ ಅವಳು ಶಾಲಿನ ಅಂಚು ಕಚ್ಚಿಕೊಂಡೇ ಮಲಗಿದ್ದಳು, ನೀರೂ ಇಳಿದಿರಲಿಲ್ಲ. ನಾನು ಪಕ್ಕದಲ್ಲೇ ಇದ್ದೆ, ಎಲ್ಲ ನೋಡಿದ್ದೆ. ಡಾಕ್ಟರು ನನ್ನ ಕಡೆ ತಿರುಗಿ "ಎಲ್ಲ ಸರಿ ತಾನೇ, ಮೇಷ್ಟ್ರೇ?" ಎಂದು ಕೇಳಿದರು. ನನ್ನನ್ನೂ ಕೇಳಿದರು, ಎವಾರಿಸ್ತಾ. ನಾನು ಎದ್ದು ನಿಂತು, ಹ್ಯಾಟು ಎದೆಗೆ ಒತ್ತಿಕೊಂಡು, "ಸರಿ ಡಾಕ್ಟ್ರೇ, ತಮ್ಮ ದಯೆ" ಎಂದೆ. ಅವರು ಮುಂದಿನ ಹಾಸಿಗೆಗೆ ಹೋದರು.

ಮಣ್ಣು ಮಾಡುವಾಗ ನೀನು "ಆ ಡಾಕ್ಟರು ಒಂದು ಮಾತು ಕೇಳಬಾರದಿತ್ತಾ?" ಎಂದು ಅತ್ತೆ. ಆರು ವರ್ಷ ಪ್ರತಿ ಕಾಗದದಲ್ಲೂ ಅವರನ್ನು ಶಪಿಸಿದ್ದೀಯ, ನಾನು ಓದಿ ಮಡಿಸಿ ಇಟ್ಟಿದ್ದೇನೆ. ಅವರು ಕೇಳಿದ್ದರು.

ಇದಕ್ಕೆ ಉತ್ತರ ಬರೆ. ಬೈದು ಬರೆ. ಬರೆಯದೇ ಇದ್ದರೆ ಅದನ್ನೂ ಉತ್ತರವೆಂದೇ ತಿಳಿಯುತ್ತೇನೆ. "ಪರವಾಗಿಲ್ಲ ಭಾವ" ಎಂದು ಮಾತ್ರ ಬರೆಯಬೇಡ.