ಒಂಬತ್ತನೇ ಪ್ರಶ್ನೆಗೆ ಒಂದು ‘ಹೌದು’

ಮಾರ್ಚ್ 4, ಸೋಮವಾರ

ಸೈಕಾಲಜಿ ಲ್ಯಾಬ್‌ನಲ್ಲಿ ಮತ್ತೆ ಅದೇ ಕೆಲಸ. ಫಸ್ಟ್ ಇಯರ್‌ನ ಮೂವತ್ತೆರಡು ಜನ ಕಂಪ್ಯೂಟರ್ ಮುಂದೆ ಕೂತು ಪ್ರಶ್ನಾವಳಿ ತುಂಬಿದರು. ಹೆಸರಿಲ್ಲ, ನಂಬರ್ ಮಾತ್ರ. ಯಾವ ನಂಬರ್ ಯಾರದೆಂಬ ಪಟ್ಟಿ ಲ್ಯಾಬ್ ನೋಡಿಕೊಳ್ಳುವ ಮೇಡಂ ಬೀರುವಿನಲ್ಲಿ. ಒಂಬತ್ತನೇ ಪ್ರಶ್ನೆಗೆ — ಬದುಕೇ ಸಾಕು ಅನ್ನಿಸಿದೆಯೇ — ಯಾರಾದರೂ ‘ಹೌದು’ ಅಂದರೆ ಮಾತ್ರ ಆ ಪಟ್ಟಿ ತೆಗೆಯಬೇಕು. ಎಲ್ಲವನ್ನೂ ಒಂದು ಶೀಟ್‌ಗೆ ಸೇರಿಸುವ ಯೋಗ ಫೈನಲ್ ಇಯರ್‌ನವಳಾದ ನನ್ನದು. ಸೇರಿಸಿದೆ. ಪೆನ್‌ಡ್ರೈವ್‌ಗೆ ಹಾಕಿಕೊಂಡೆ. ಲ್ಯಾಬ್ ಮಿಷನ್‌ಗಳದ್ದು ಮರೆಗುಳಿ ಜಾತಿ, ಆಫ್ ಮಾಡಿದರೆ ಒಳಗಿದ್ದದ್ದೆಲ್ಲ ಮಾಯ.

7, ಗುರುವಾರ

ಒಂದು ‘ಹೌದು’ ಇದೆ. ಇಪ್ಪತ್ತೇಳನೇ ನಂಬರ್. ಮೇಡಂ ಪಟ್ಟಿ ತೆಗೆದು ಆ ಹುಡುಗನನ್ನು ಕರೆಸಿದರು. ಕ್ಲಾಸಿನ ಬಾಯಿಬಡುಕ.

“ನಾನಾ? ಎಲ್ಲದಕ್ಕೂ ‘ಇಲ್ಲ’ ಒತ್ತಿ ಐದೇ ನಿಮಿಷಕ್ಕೆ ಎದ್ದು ಹೋದೋನು ಮೇಡಂ ನಾನು!” ಎಂದು ನಕ್ಕ.

ಮೇಡಂಗೆ ಸಮಾಧಾನವಾಯಿತು. ನನಗೆ ಯಾಕೋ ಆಗಲಿಲ್ಲ.

8, ಶುಕ್ರವಾರ, ಬೆಳಿಗ್ಗೆ 10

ಶೀಟ್ ಮತ್ತೆ ತೆರೆದು ನೋಡಿದೆ. ಸೋಮವಾರ ನಂಬರ್‌ಗಳು ಹಿಂದೆ ಮುಂದೆ ಇದ್ದವೆಂದು ಕ್ರಮಕ್ಕೆ ತಂದಿದ್ದೆ — ಆ ಕಾಲಂ ಒಂದನ್ನೇ ಸೆಲೆಕ್ಟ್ ಮಾಡಿ. ನಂಬರ್‌ಗಳು ಜಾಗ ಬದಲಿಸಿದವು, ಉತ್ತರಗಳು ಇದ್ದಲ್ಲೇ ಉಳಿದವು. ಸೇವ್ ಬೇರೆ ಮಾಡಿದೆ; ಲ್ಯಾಬ್ ಮಿಷನ್‌ಗಳಲ್ಲಿ ಮೂಲವೂ ಉಳಿದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದೇವೆ.

ಆ ‘ಹೌದು’ ಯಾರದ್ದಾದರೂ ಆಗಿರಬಹುದು. ನಾಲ್ಕು ದಿನ ಕಳೆದಿದೆ. ಭಯವಾಗುತ್ತಿದೆ. ಮೇಡಂಗೆ ಹೇಳಿದರೆ ನನ್ನ ಕಥೆ ಮುಗಿಯಿತು. ಹೇಳದಿದ್ದರೆ...

11.15

ಹೇಳಿದೆ. ಬೈಯಲಿಲ್ಲ, ಅದೇ ಇನ್ನೂ ಹೆದರಿಕೆ. ಫೋನ್ ನಂಬರ್‌ಗಳಿದ್ದ ಪಟ್ಟಿಯನ್ನು ಅರ್ಧಕ್ಕೆ ಹರಿದು, ಒಂದು ಪಾಲು ನನ್ನ ಕೈಗಿತ್ತರು.

“ಫೋನ್ ಮಾಡು. ಮೆಸೇಜ್ ಬೇಡ. ದನಿ ಕೇಳಿಸ್ಕೋ.”

1.20

ಹದಿಮೂರು ಜನ ಆಯಿತು. ಒಬ್ಬಳು ಅತ್ತಳು, ಇಂಟರ್ನಲ್ಸ್ ಅಂಕ ಕಡಿಮೆಯಾಯಿತೆಂದು. ಇಬ್ಬರು ಬೈದರು. ಬೈಯಲಿ, ಬದುಕಿರಲಿ. ನಂಬರ್ ಒತ್ತಲೂ ತಪ್ಪುತ್ತದೆ.

1.50

ಮೇಡಂ ಕಾರಿನಲ್ಲಿ, ಸಿಕ್ಕವಳ ರೂಮಿಗೆ. ನನ್ನ ಪಾಲಿನ ಪಟ್ಟಿಯ ಕೊನೆಯವಳು ಫೋನ್ ಎತ್ತಿದಳು. ನಾನು ಯಾರೆಂದು, ಯಾಕೆಂದು ಹೇಳಿದೆ. ಆಮೇಲೆ—

“ನಿನ್ನೆ ಅವನನ್ನ ಕರೆದ್ರಲ್ಲ ಅಕ್ಕಾ... ನನ್ನ ಕರೀತೀರಾ ಅಂತ ಸೋಮವಾರದಿಂದ ಕಾಯ್ತಿದ್ದೆ.”

ರೂಮಿನಲ್ಲಿ ಒಬ್ಬಳೇ ಇದ್ದಾಳಂತೆ. ಚಿಲಕ ತೆಗೆ, ಬಂದೇಬಿಟ್ವಿ ಅಂದಿದ್ದೇನೆ. ಫೋನ್ ಕಿವಿಗೇ ಇದೆ. ಕೈ ಸುಮ್ಮನಿರಲಾರದೆ ಬರೆಯುತ್ತಿದೆ. ಉಸಿರು ಕೇಳುತ್ತಿದೆ. ಮೇಡಂ ಸಿಗ್ನಲ್ ನೋಡದೆ ಕಾರು ಹೊಡೆಯುತ್ತಿದ್ದಾರೆ. “ಅಕ್ಕಾ” ಎಂದಳು. ಏನೋ ಸದ್ದು. ಚಿಲಕವಾ, ಇಲ್ಲಾ—