ಕುರಿ ಮೂಸಿ ಬಿಟ್ಟ ಗಿಡ

ಕೊಲ್ಹಾಪುರ
6 ಅಕ್ಟೋಬರ್ 2025

ನನ್ನ ನಾಗೂಬಾಯಿ ಆಯಿಗೆ ಮೊಮ್ಮಗಳು ಪ್ರಾಜಕ್ತಾಳ ನಮಸ್ಕಾರ.

ಮೊಣಕಾಲು ನೋವು ಹೇಗಿದೆ? ಕಳಿಸಿದ ಎಣ್ಣೆ ನೀನು ಹಚ್ಚಿಕೊಳ್ಳುತ್ತೀಯೋ, ಅದನ್ನೂ ಕುರಿಮರಿಗೇ ಹಚ್ಚುತ್ತೀಯೋ? ಗಡಹಿಂಗ್ಲಜದ ಆ ಹೊಲಗಳಲ್ಲಿ ನಿಮ್ಮ ಫೋನು ಹತ್ತುವುದಿಲ್ಲ. ಅದಕ್ಕೇ ಕುರಿಗಳ ಔಷಧಿಗೆಂದು ಇಲ್ಲಿಗೆ ಬಂದ ಮಲ್ಲಾರಿ ಕಾಕಾನ ಕೈಯಲ್ಲಿ ಪತ್ರ ಕೊಟ್ಟಿದ್ದೇನೆ. ಅವನೇ ಓದಿ ಹೇಳಲಿ, ಒಂದು ಸಾಲೂ ನುಂಗದೆ.

ನಾನು ಆರಾಮಿದ್ದೇನೆ, ಆದರೆ ಸಿಟ್ಟಿನಲ್ಲಿದ್ದೇನೆ. ಎಲ್ಲ ಆಜರಾ ಗುಡ್ಡದ ಆ ಹಳದಿ ಹೂವಿನ ಗಿಡದ ದೆಸೆಯಿಂದ. ನಮ್ಮಲ್ಲಿ ಜಾತಿ, ಬೆಡಗು, ಮನೆತನ ಇದ್ದಂತೆ ಗಿಡಗಳಿಗೂ ಕುಟುಂಬ, ಕುಲ, ಪ್ರಭೇದ ಎಂದಿರುತ್ತದೆ. ನನ್ನ ಗಿಡ ಅವರೆಯ ಕುಟುಂಬದ್ದು, ಅದರಲ್ಲಿ ತಕರಾರಿಲ್ಲ. ಕುಲವೂ ಸರಿ. ಆದರೆ ಪಕ್ಕದಲ್ಲೇ ಬೆಳೆಯುವ, ನೋಡಲು ಅದರಂಥದೇ ಇನ್ನೊಂದು ಗಿಡದ ಪ್ರಭೇದಕ್ಕೇ ಇದನ್ನೂ ಸೇರಿಸು ಎನ್ನುತ್ತಾರೆ ನನ್ನ ಗೈಡ್ ಸರ್. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಎಂದು ನಮ್ಮ ಹಟ್ಟಿಯ ಕೂಸಿಗೂ ಗೊತ್ತು. ಕಾಯಿಯ ಗಂಟು ಬೇರೆ, ಎಲೆಯಂಚಿನ ಕೂದಲು ಬೇರೆ. ಮೂರು ವರ್ಷ ಎಣಿಸಿದ್ದೇನೆ. ಸರ್ ಮೂವತ್ತು ವರ್ಷದ ಹಿಂದೆ ಎರಡನ್ನೂ ಒಣಗಿಸಿ, ಒಂದೇ ಹಾಳೆಗೆ ಅಂಟಿಸಿ, ಒಂದೇ ಹೆಸರು ಬರೆದಿಟ್ಟಿದ್ದಾರೆ. ಒಣಗಿದ ಮೇಲೆ ಎರಡಕ್ಕೂ ಒಂದೇ ಬಣ್ಣ, ವಾಸನೆಯೂ ಉಳಿಯುವುದಿಲ್ಲ. ಈಗ ಆ ಹಾಳೆ ತಪ್ಪೆಂದರೆ ಅವರ ಮಾನ ಹೋಗುತ್ತದಂತೆ. ಹಳೆಯ ಹೆಸರನ್ನೇ ಬರೆ, ಇಲ್ಲದಿದ್ದರೆ ಪ್ರಬಂಧಕ್ಕೆ ಸಹಿ ಹಾಕುವುದಿಲ್ಲ ಎಂದರು. ಇದು ಕುರಿ ಕಾಯುವವರ ಹಟ ಎಂದೂ ಅಂದರು. ಹೌದು ಸರ್, ಅದೇ ಹಟ ಎಂದೆ.

ನೆನಪಿದೆಯೇ ಆಯಿ, ಎಂಟು ವರ್ಷದವಳಿದ್ದಾಗ ಇವೆರಡನ್ನೂ ಕೂಡಿಸಿ ಸಿವುಡು ಕಟ್ಟಿ ತಂದು ಮರಿಗಳ ಮುಂದೆ ಹಾಕಿದ್ದೆ. ಅವು ಒಂದನ್ನು ತಿಂದವು, ಇನ್ನೊಂದನ್ನು ಮೂಸಿ ಬಿಟ್ಟವು. “ನಿನಗ ಬರೇ ಕಣ್ಣ ಅದಾವ, ಕುರಿಗೆ ಮೂಗೂ ಐತಿ” ಎಂದು ನೀನು ನನ್ನ ತಲೆಗೆ ಮೊಟಕಿದೆ. ನನ್ನ ಓದು ಶುರುವಾದದ್ದೇ ಆ ಮೊಟಕಿನಿಂದ. ಕುರಿಯ ಸಾಕ್ಷಿ ವಿಜ್ಞಾನದಲ್ಲಿ ನಡೆಯುವುದಿಲ್ಲ, ಗೊತ್ತು. ಅದಕ್ಕೇ ಕೂದಲು ಎಣಿಸುತ್ತ ಕೂತದ್ದು. ಪದವಿ ಹೋದರೆ ಹೋಗಲಿ, ಸುಳ್ಳು ಹೆಸರಂತೂ ಬರೆಯಲಾರೆ.

ನಿನ್ನ ಆಶೀರ್ವಾದ ಬೆನ್ನಿಗಿರಲಿ. ಈ ವರ್ಷದ ಮರಿಗಳಿಗೆಲ್ಲ ನನ್ನ ಮುದ್ದು.

ನಿನ್ನ ಹಟಮಾರಿ,
ಪ್ರಾಜಕ್ತಾ

ತಾ.ಕ.: ಕಾಕಾ ಬಸ್ಸಿಗೆ ಅವಸರ ಮಾಡುತ್ತಿದ್ದಾನೆ. ಬರುವ ಸೋಮವಾರ ಗೈಡ್ ಸರ್ ಇನ್ನಿಬ್ಬರು ಪರೀಕ್ಷಕರ ಜೊತೆ ಆಜರಾ ಗುಡ್ಡಕ್ಕೆ ಗಿಡ ನೋಡಲು ಬರುತ್ತಾರೆ. ಕರೆದವಳು ನಾನೇ. ಹಿಂಡು ಹೇಗೂ ಆ ಕಡೆಗೇ ಹೊರಟಿದೆಯಲ್ಲ, ಹೊಡೆದುಕೊಂಡು ಬಾ. ಅವತ್ತು ಬೆಳಗ್ಗೆ ಮಾತ್ರ ಕುರಿಗಳನ್ನು ಎಲ್ಲಿಯೂ ಮೇಯಿಸಬೇಡ.