ಎಂಟು ಚೀಲ ಜೋಳ

ನನ್ನ ಅಮೃತಾ,

ಒಂದೇ ಸೂರಿನ ಕೆಳಗಿರುವ ಮಗಳಿಗೆ ಪತ್ರ ಬರೆಯುವ ತಾಯಿ ಈ ಸಂಶಿ ಊರಿನಲ್ಲಿ ನಾನೊಬ್ಬಳೇ ಇರಬೇಕು. ಏನು ಮಾಡಲಿ, ನೀನು ನನ್ನೊಡನೆ ಮಾತು ಬಿಟ್ಟು ಇಂದಿಗೆ ಹತ್ತೊಂಬತ್ತು ದಿನ. ನಿಮ್ಮಪ್ಪನ ಮೂಲಕ ನಡೆಯುವ ನಮ್ಮ ವ್ಯವಹಾರ ನನಗೆ ಸಾಕಾಗಿದೆ. "ಅಪ್ಪಾ, ಅವ್ವಗ ಹೇಳು, ಬಸ್ ಪಾಸಿಗೆ ಎರಡು ಫೋಟೋ ಬೇಕಂತ" ಎಂದು ನೀನು ಅನ್ನುವುದು, ನಾನು ಎರಡು ಮೊಳ ದೂರದಲ್ಲಿ ಹಿಟ್ಟು ನಾದುತ್ತ ಕುಳಿತಿರುವುದು, ಆ ಮನುಷ್ಯ ಇಬ್ಬರ ಮುಖವನ್ನೂ ನೋಡಿ "ಕೇಳಿಸ್ತಿಲ್ಲೋ?" ಎಂದು ನನ್ನನ್ನು ಕೇಳುವುದು. ಪಾಪ, ಹಗಲೆಲ್ಲ ಇನ್ನೊಬ್ಬರ ಟೆಂಪೋದಲ್ಲಿ ಇನ್ನೊಬ್ಬರ ಸಾಮಾನು ಹೊತ್ತು ಬಂದವನು ಮನೆಗೆ ಬಂದು ನಮ್ಮ ಮಾತನ್ನೂ ಹೊರಬೇಕು.

ಈಗ ಮಧ್ಯಾಹ್ನ ಎರಡು ಗಂಟೆ. ನೀನು ಕುಂದಗೋಳದ ಕಾಲೇಜಿನಲ್ಲಿದ್ದೀ. ಮಹಿಳಾ ಸಂಘದ ನಡಾವಳಿ ಪುಸ್ತಕ ಬರೆದೂ ಬರೆದೂ ನನ್ನ ಕೈಗೆ ಅದೇ ರೂಢಿ. ಈ ಪತ್ರವನ್ನೂ ಮೊದಲು "ಈ ದಿನ ಸೇರಿದ ಸಭೆಯಲ್ಲಿ" ಎಂದು ಶುರು ಮಾಡಿ, ನಾನೇ ನಕ್ಕು, ಹಾಳೆ ಹರಿದು ಹಾಕಿದೆ. ಇದು ಎರಡನೆಯ ಹಾಳೆ. ಬಾಯಲ್ಲಿ ಹೇಳಹೋದರೆ ನಡುವೆ ಸಿಟ್ಟು ಬರುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ಏಪ್ರಿಲ್ ತಿಂಗಳ ಆ ಬೆಳಗು ನಿನಗೆ ನೆನಪಿದೆ. ನೀನು ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿ ಮನೆಯಲ್ಲಿದ್ದೆ. ಹುಬ್ಬಳ್ಳಿಯ ಮಡಿವಾಳೆಪ್ಪನ ಖಾನಾವಳಿಗೆ ದಿನಕ್ಕೆ ನೂರಾ ಇಪ್ಪತ್ತು ರೊಟ್ಟಿ ಕಳಿಸುವುದು ಆರು ವರ್ಷದಿಂದ ನನ್ನ ಕಾಯಕ. ಅವತ್ತು ತೊಂಬತ್ತನೆಯದೋ ಏನೋ ಬೇಯಿಸುವಾಗ ಕಣ್ಣು ಕತ್ತಲಾಗಿ ನನ್ನ ಅಂಗೈ ಕಾದ ಹಂಚಿನ ಮೇಲೆಯೇ ಊರಿತು. ಎಳೆದುಕೊಂಡವಳು ನೀನು. ಎಬ್ಬಿಸಿ ನಿಲ್ಲಿಸಿದಾಗ ನನ್ನ ಸೀರೆಯ ಹಿಂಬದಿ ನೋಡಿದವಳೂ ನೀನೇ. ಎರಡು ವರ್ಷದಿಂದ ತಿಂಗಳಲ್ಲಿ ಹನ್ನೆರಡು ದಿನ ಹೀಗೆ ಹೋಗುತ್ತಿದೆ ಎಂದು ನಿನಗೆ ಗೊತ್ತಿರಲಿಲ್ಲ. ಗೊತ್ತಾಗದ ಹಾಗೆ ನೋಡಿಕೊಂಡಿದ್ದೆ. ನಿನಗೆ ಅಂಗಡಿಯ ಪ್ಯಾಡು, ನನಗೆ ಹಳೆಯ ಸೀರೆ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಎಲ್ಲರಿಗೂ ಹೀಗೇ ಎಂದು ಓಣಿಯ ಹಿರಿಯರು ಅಂದರು. ಅದಕ್ಕಿಂತ ಅಗ್ಗದ ಔಷಧ ಬೇರೆ ಇರಲಿಲ್ಲವಾದ್ದರಿಂದ ನಾನು ನಂಬಿದೆ.

ನೀನು ನಂಬಲಿಲ್ಲ. ಮರುದಿನವೇ ಕೈ ಹಿಡಿದು ಹುಬ್ಬಳ್ಳಿಗೆ ಕರೆದೊಯ್ದೆ. ಡಾಕ್ಟರು ಸ್ಕ್ಯಾನಿಂಗ್ ನೋಡಿ ನನಗೆ ಹೇಳಬೇಕಾದುದನ್ನು ನಿನ್ನ ಕಡೆ ತಿರುಗಿ ಹೇಳಿದರು. "ಗಡ್ಡಿ ದೊಡ್ಡದು ಐತಿ ನೋಡವಾ. ಮೈಯಾಗ ರಕ್ತ ಹನ್ನೆರಡು ಇರಬೇಕಾದದ್ದು ಆರೂವರಿ ಐತಿ. ಮೊದ್ಲ ರಕ್ತ ಏರಿಸಿ, ಆಮ್ಯಾಲೆ ಗರ್ಭಕೋಶ ತಗಿಯೂಣು. ಮಳಿಗಾಲ ದಾಟಿಸಬ್ಯಾಡ್ರಿ." ನೀನು ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಬರೆದುಕೊಂಡೆ. ನನಗೆ ಮಾತ್ರ ಗೋಡೆಯ ಮೇಲಿನ ಗರ್ಭಕೋಶದ ಚಿತ್ರದ ಹೊರತು ಬೇರೇನೂ ಕಾಣಿಸುತ್ತಿರಲಿಲ್ಲ.

ರೇಶನ್ ಕಾರ್ಡಿನ ಮೇಲೆ ಸರಕಾರಿ ಆಸ್ಪತ್ರೆಯಲ್ಲಿ ಆಪರೇಶನ್ ಪುಕ್ಕಟೆ. ಆದರೆ ಎರಡು ತಿಂಗಳು ಒಲೆಯ ಮುಂದೆ ಕೂರಬಾರದು, ಭಾರ ಎತ್ತಬಾರದು ಅಂದರಲ್ಲ, ಆ ಎರಡು ತಿಂಗಳಿಗೆ ಯಾವ ಕಾರ್ಡಿದೆ? ನಿಮ್ಮಪ್ಪನ ಪಗಾರದಲ್ಲಿ ಮನೆ ಬಾಡಿಗೆ, ಕರೆಂಟು, ಅವನ ಬಿಪಿ ಗುಳಿಗೆ, ಕಿರಾಣಿ ಮುಗಿಯುವಷ್ಟರಲ್ಲಿ ಇಪ್ಪತ್ತನೇ ತಾರೀಖು. ಉಳಿದ ಹತ್ತು ದಿನ ಎಳೆಯುವುದು ರೊಟ್ಟಿಯ ದುಡ್ಡು. ಓಣಿಯ ಹೆಂಗಸರ ಭಿಶಿ ಚೀಟಿಯಲ್ಲಿ ತಿಂಗಳಾ ತಿಂಗಳಾ ಕಟ್ಟಿ ಮೂರು ವರ್ಷದಲ್ಲಿ ಕೂಡಿಸಿದ ಮೂವತ್ತೆರಡು ಸಾವಿರ ಇತ್ತು. ಅದು ನಿನ್ನದು. ಹುಬ್ಬಳ್ಳಿಯಲ್ಲಿ ಸೈನ್ಸ್, ಹಾಸ್ಟೆಲು, ಪುಸ್ತಕ ಎಂದು ತೆಗೆದಿಟ್ಟದ್ದು.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ನೂರಕ್ಕೆ ತೊಂಬತ್ತೊಂದು. ಪೇಢೆ ತಂದು ಓಣಿಗೆಲ್ಲ ಹಂಚಿ ಬಂದ ಸಂಜೆ ನೀನು ಖಾಲಿ ಡಬ್ಬಿ ಕೆಳಗಿಡುತ್ತ ಅಂದೆ: "ನಾ ಕುಂದಗೋಳಕ್ಕ ಆರ್ಟ್ಸಿಗೆ ಹೋಗ್ತೀನಿ. ಆ ರೊಕ್ಕ ಆಪರೇಶನ್ನಿಗೆ ಇರಲಿ. ಇದರಾಗ ಇನ್ನ ಮಾತಿಲ್ಲ ಬೇ." ಹದಿನಾರು ವರ್ಷದ ಹುಡುಗಿ, ಮನೆಯ ಯಜಮಾನಿಯ ಹಾಗೆ ಅಂದುಬಿಟ್ಟೆ. ನಾನು ಬೇಡ ಅಂದೆ. ಒಂದು ಸಲ ಅಂದೆ, ಎರಡು ಸಲ ಅಂದೆ. ಮೂರನೆಯ ಸಲ ಅನ್ನಲಿಲ್ಲ. ಆ ಮೂರನೆಯ ಸಲ ಇವತ್ತಿಗೂ ನನ್ನನ್ನು ಚುಚ್ಚುತ್ತಿದೆ.

ಆಮೇಲೆ ನಮ್ಮಿಬ್ಬರ ದಿನಗಳು ಹೇಗಿದ್ದವು ನೋಡು. ನಿನ್ನ ಹದಿನಾರು, ನನ್ನ ನಲವತ್ತಾರು ಒಂದೇ ಅಡುಗೆಮನೆಯಲ್ಲಿ. ನಿನಗೆ ಮೊಡವೆ, ನನಗೆ ಇದ್ದಕ್ಕಿದ್ದಂತೆ ಮೈಯೆಲ್ಲ ಬೆಂಕಿ. ನೀನು ಬಾಗಿಲು ಬಡಿದರೆ ನಾನು ಪಾತ್ರೆ ಬಡಿಯುತ್ತಿದ್ದೆ. ಕಿವಿಗೆ ಆ ವೈರು ಸಿಗಿಸಿಕೊಂಡು ಕೂರುತ್ತಿದ್ದೆಯಲ್ಲ, ಅದರೊಳಗೆ ಯಾವ ಹುಡುಗನ ದನಿ ಇದೆಯೋ ಎಂದು ನಾನು ಒಂದು ದಿನ ಕಿತ್ತು ನನ್ನ ಕಿವಿಗೆ ಹಿಡಿದೆ. ಯಾರೋ ಮೇಡಮ್ಮು ಜೀವಕೋಶದ ಪಾಠ ಹೇಳುತ್ತಿದ್ದರು. ಆರ್ಟ್ಸಿಗೆ ಸೇರಿದ ಹುಡುಗಿ ಕದ್ದು ಸೈನ್ಸ್ ಪಾಠ ಕೇಳುತ್ತಿತ್ತು. ನಾನು ವೈರು ವಾಪಸು ಕೊಟ್ಟು ಹಿತ್ತಲಿಗೆ ಹೋಗಿ ನಿಂತೆ. ಅಷ್ಟಾದರೂ ನಾನು ಮಾಡಿದ್ದೇನು?

ಜೂನ್ ಕೊನೆಯ ವಾರ, ಮಳೆ ಹಿಡಿದಿತ್ತು. ಬಾಜು ಊರಿನ ಕರಿಸಿದ್ದಪ್ಪ ಬಾಗಿಲಿಗೆ ಬಂದ. "ಅಕ್ಕಾರ, ಬೀಜ ಗೊಬ್ಬರಕ್ಕ ರೊಕ್ಕ ಬೇಕಾಗೈತ್ರಿ. ಅಗದಿ ಚಲೋ ಬಿಳಿಜೋಳ. ಎಂಟೂ ಚೀಲ ನೀವ ತಗೊಂಡ್ರ ಕ್ವಿಂಟಲಿಗೆ ನಾನೂರು ಬಿಡ್ತೀನ್ರಿ" ಅಂದ. ನಾನು ಒಳಗೆ ಹೋದೆ, ದುಡ್ಡು ತಂದೆ, ಎಣಿಸಿ ಕೊಟ್ಟೆ. ಇಪ್ಪತ್ತೆಂಟು ಸಾವಿರದ ಎಂಟುನೂರು. ಸಂಜೆ ನೀನು ಬಸ್ಸಿಳಿದು ಬಂದಾಗ ಪಡಸಾಲೆಯಲ್ಲಿ ನಿನ್ನ ಮಂಚ ಇದ್ದ ಜಾಗದಲ್ಲಿ ಚೀಲಗಳು ನಿಂತಿದ್ದವು. ನೀನು ಹೆಗಲಿನ ಕಾಲೇಜು ಬ್ಯಾಗನ್ನೂ ಇಳಿಸದೆ ಒಂದೊಂದನ್ನೂ ಮುಟ್ಟಿ ಎಣಿಸಿದೆ.

"ಇವು ಯಾವ ರೊಕ್ಕದವು ಬೇ?" ಅಂದೆ.

ನಾನು ಲೆಕ್ಕ ಹೇಳಿದೆ. ದೀಪಾವಳಿಯ ತನಕ ಜೋಳದ ಚಿಂತೆ ಇಲ್ಲ, ಸೋವಿ ಸಿಕ್ಕಿತು, ಆಪರೇಶನ್ ಆಮೇಲೆ ನೋಡೋಣ ಎಂದೆ. ನೀನು, "ಮೊದಲ ಹೇಳಿದ್ದರ ನಾನರ ಹುಬ್ಬಳ್ಳಿಗೆ ಹೋಗ್ತಿದ್ನಲ್ಲ" ಎಂದೆ. ಅಷ್ಟೇ. ಕೂಗಲೂ ಇಲ್ಲ. ಆಗ ನನ್ನ ಬಾಯಿಂದ ಬಂದ ಮಾತು ನೀನು ಮರೆತಿಲ್ಲ, ನಾನೂ ಮರೆತಿಲ್ಲ. "ನಾ ಏನ ನಿನಗ ಹುಬ್ಬಳ್ಳಿ ಕಾಲೇಜು ಬಿಡು ಅಂದಿದ್ನೇನ? ನೀನ ಬಿಟ್ಟಿ" ಎಂದೆ. ಹೆತ್ತ ತಾಯಿ ಆಡುವ ಮಾತೇ ಅದು? ಅವತ್ತಿನಿಂದ ನೀನು ಬಾಯಿ ಮುಚ್ಚಿದೆ. ಸರಿಯಾಗಿಯೇ ಮುಚ್ಚಿದೆ.

ಅಮೃತಾ, ನಾನು ಜೋಳ ಕೊಂಡದ್ದು ಸೋವಿಗಲ್ಲ. ನಾನೂರು ರೂಪಾಯಿಯ ಆಸೆಗೂ ಅಲ್ಲ. ನನಗೆ ಭಯ. ಆಪರೇಶನ್ನಿಗೆಂದು ಮೈ ಮರೆಸಿ ಮಲಗಿಸಿದವರು ಮತ್ತೆ ಎಬ್ಬಿಸದಿದ್ದರೆ ಎಂಬ ಭಯ. ಆ ಹೊತ್ತಿನಲ್ಲಿ ನನ್ನ ಹುಚ್ಚು ತಲೆಗೆ ಏನು ಹೊಳೆಯಿತು ಗೊತ್ತೇ? ಎಂಟು ಚೀಲ ಜೋಳ ಮನೆಯಲ್ಲಿ ನಿಂತಿರುವಾಗ ಅದನ್ನು ರೊಟ್ಟಿ ಮಾಡಿ ಮುಗಿಸದೆ ಒಬ್ಬ ಹೆಂಗಸು ಹೇಗೆ ಸಾಯುತ್ತಾಳೆ? ದೀಪಾವಳಿಯವರೆಗೆ ಸಾಯಲು ನನಗೆ ಪುರುಸೊತ್ತೇ ಇರುವುದಿಲ್ಲ ಎಂದುಕೊಂಡೆ. ಸಂಘದ ಹದಿನೈದು ಹೆಂಗಸರ ಲೆಕ್ಕ ತಪ್ಪದೆ ಬರೆಯುವವಳು ತನ್ನ ಲೆಕ್ಕ ಹೀಗೆ ಹಾಕಿಕೊಂಡಳು. ಗಿರಣಿಯ ದಾವೂದಸಾಬನ ಹೆಂಡತಿ ಶಮೀಮಾಬಿಗೆ ಒಬ್ಬಳಿಗೇ ಇದನ್ನು ಹೇಳಿದೆ. ಅವಳು ಬೈದಳು. "ಹೆದರಿಕಿ ಬಂದೈತಿ ಅಂತ ಬಾಯಿಬಿಟ್ಟು ಹೇಳಿದ್ರ ಆ ಹುಡುಗಿ ನಿನ್ನ ಕೈ ಹಿಡೀತಿತ್ತ. ಜೋಳದ ಚೀಲದ ಹಿಂದ ಯಾಕ ಅಡಗಿ ಕುಂತಿ?" ಎಂದಳು.

ಮೊನ್ನೆ ಬುಧವಾರ ನಾನು ಏಳಲಾರದೆ ಹೋದೆ. ಎದ್ದು ಕೂತರೆ ಗೋಡೆ ತಿರುಗುತ್ತಿತ್ತು. ಇವತ್ತು ರೊಟ್ಟಿ ಹೋಗುವುದಿಲ್ಲ ಎಂದು ಮಡಿವಾಳೆಪ್ಪನಿಗೆ ಫೋನು ಮಾಡುವಂತೆ ನಿಮ್ಮಪ್ಪನಿಗೆ ಹೇಳಬೇಕು ಎಂದುಕೊಳ್ಳುವಷ್ಟರಲ್ಲಿ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ಒಂದೇ ಸಮನಾಗಿರಲಿಲ್ಲ, ನಿಂತು ನಿಂತು ಬರುತ್ತಿತ್ತು. ನೀನು ಅವತ್ತಿನ ಕಾಲೇಜು ಬಿಟ್ಟು ಕೂತಿದ್ದೆ. ನಾನು ಕೇಳಿರಲಿಲ್ಲ, ನೀನು ಹೇಳಲಿಲ್ಲ. ನೂರಾ ಇಪ್ಪತ್ತೂ ಮುಗಿಸಿ, ಬುಟ್ಟಿ ಕಟ್ಟಿ, ಆಮೇಲಿನ ಬಸ್ಸಿಗೆ ಹಾಕಿ ಬಂದೆ. ನನ್ನ ತಲೆದಿಂಬಿನ ಹತ್ತಿರ ಗಂಜಿ ಇಟ್ಟು, ಮುಖ ನೋಡದೆ ಹೋದೆ. ನಿನ್ನ ಬೆರಳುಗಳಿಗೆ ಬೊಬ್ಬೆ ಬಂದಿತ್ತು.

ಮಧ್ಯಾಹ್ನ ಮಡಿವಾಳೆಪ್ಪನೇ ಫೋನು ಮಾಡಿದ. "ಸುಶೀಲವ್ವಾರ, ಇವತ್ತ ರೊಟ್ಟಿ ಯಾರ ಬಡದಾರ್ರಿ? ಅಂಚೆಲ್ಲ ಸೀಳ್ಯಾವ" ಎಂದ. ಮಗಳು ಎಂದೆ. ಒಳ್ಳೆಯ ಮನುಷ್ಯ, ನಕ್ಕುಬಿಟ್ಟ. "ಹಂಗಾರ ಇರಲಿ ಬಿಡ್ರಿ. ಇನ್ನ ಹದಿನೈದು ದಿನ ಬಡದ್ರ ಕೈ ಕೂಡತೈತಿ" ಎಂದ. ಸಮಾಧಾನಕ್ಕೆಂದೇ ಹೇಳಿದ್ದು. ಆದರೆ ಡಾಕ್ಟರರ ಯಾವ ಮಾತಿಗೂ ನಾನು ಅಷ್ಟು ಬೆಚ್ಚಿಬಿದ್ದಿರಲಿಲ್ಲ. ಹದಿನೈದು ದಿನ. ನಾನು ಉಳಿಯಲಿ ಎಂದು ತಂದಿಟ್ಟುಕೊಂಡ ಜೋಳ ನಿನ್ನನ್ನು ನನ್ನ ಜಾಗದಲ್ಲಿ ಕೂರಿಸುತ್ತಿತ್ತು. ನಾನು ಹೋದರೂ ಕೂರುತ್ತೀ, ಹೀಗೇ ಹಾಸಿಗೆ ಹಿಡಿದು ಉಳಿದರೂ ಕೂರುತ್ತೀ. ನೀನು ಅಂಥವಳೇ. ಮಾತು ಬಿಟ್ಟರೂ ರೊಟ್ಟಿ ಬಡಿಯುವವಳು.

ನಿನ್ನೆ ನೀನು ಕಾಲೇಜಿಗೆ ಹೋದ ಮೇಲೆ ಶಮೀಮಾಬಿಯನ್ನು ಕರೆದೆ. ಒಂದು ಚೀಲ ಈಗಾಗಲೇ ಹಂಚಿಗೆ ಹೋಗಿತ್ತು, ಒಂದನ್ನು ಮನೆಗೆ ಇಟ್ಟುಕೊಂಡೆ, ಉಳಿದ ಆರನ್ನು ದಾವೂದಸಾಬ ಗಿರಣಿಗೆ ತೆಗೆದುಕೊಂಡ. ಕ್ವಿಂಟಲಿಗೆ ಇನ್ನೂರು ಕಳೆದುಕೊಂಡೆ, ಇರಲಿ. ಪಡಸಾಲೆ ಖಾಲಿಯಾದದ್ದನ್ನು ಸಂಜೆ ನೀನು ನೋಡಿದೆ. ನೋಡಿ, ಮಂಚವನ್ನು ಮೊದಲಿನ ಜಾಗಕ್ಕೆ ಎಳೆದುಕೊಂಡೆ. ಕೈಯಲ್ಲಿ ಉಳಿದದ್ದು, ಈ ವಾರಗಳ ರೊಟ್ಟಿಯದು ಎಲ್ಲ ಸೇರಿ ಇಪ್ಪತ್ತೇಳು ಸಾವಿರ ಆಯಿತು. ಇವತ್ತು ಬೆಳಿಗ್ಗೆ ಆಸ್ಪತ್ರೆಗೆ ಫೋನು ಮಾಡಿದೆ. ಸೋಮವಾರ ಬಂದು ಸೇರಿಕೊಳ್ಳಿ ಎಂದಿದ್ದಾರೆ. ರಕ್ತ ಕೊಡುವುದಕ್ಕೆ ನಿಮ್ಮಪ್ಪ ಇದ್ದಾನೆ, ಶಮೀಮಾಬಿಯ ಮಗ ಜಾಕೀರ್ ಬರುತ್ತಾನೆ.

ಹುಬ್ಬಳ್ಳಿಯ ಸೀಟು ಹೋಯಿತು. ಪ್ರವೇಶ ಮುಗಿದು ತಿಂಗಳಾಗುತ್ತ ಬಂತು, ಅದನ್ನು ನಾನು ತಂದುಕೊಡಲಾರೆ. ಮುಂದಿನ ವರ್ಷ ಹೊಸದಾಗಿ ಸೇರಿಸುತ್ತೇನೆ ಎಂದು ಬರೆಯಬೇಕೆಂದು ಕೈ ತುಡಿಯುತ್ತದೆ. ನನ್ನ ಮಾತಿನ ಬೆಲೆ ನಿನಗೆ ಗೊತ್ತಿರುವುದರಿಂದ ಬರೆಯುವುದಿಲ್ಲ. ನೀನು ನನ್ನನ್ನು ಕ್ಷಮಿಸಬೇಕೆಂದೂ ಕೇಳುವುದಿಲ್ಲ. ತಪ್ಪು ನನ್ನದು, ನಿನ್ನದಲ್ಲ. ಹುಬ್ಬಳ್ಳಿಯ ಕಾಲೇಜು ನೀನು ಬಿಡಲಿಲ್ಲ, ನಾನು ಬಿಡಿಸಿದೆ. ಇಷ್ಟನ್ನು ಬರೆದು ಕೊಡುತ್ತಿದ್ದೇನೆ, ಬೇಕಾದಾಗ ತೆಗೆದು ತೋರಿಸು.

ಈ ಪತ್ರವನ್ನು ದುಡ್ಡಿನ ಸುತ್ತ ಸುತ್ತಿ ನಿನ್ನ ಟ್ರಂಕಿನಲ್ಲಿಡುತ್ತಿದ್ದೇನೆ. ಬಂದ ಕೂಡಲೇ ಟ್ರಂಕಿಗೆ ಬೀಗ ಹಾಕಿ ಕೀಲಿಯನ್ನು ಕೊರಳಿಗೆ ಕಟ್ಟಿಕೋ. ಇವತ್ತು ಶುಕ್ರವಾರ. ಸೋಮವಾರದೊಳಗೆ ನಾನು ಖಂಡಿತ ಈ ದುಡ್ಡು ಕೇಳುತ್ತೇನೆ, ನನ್ನನ್ನು ನಾನು ಬಲ್ಲೆ. ಮಡಿವಾಳೆಪ್ಪ ಪಂಚಮಿಗೆ ಐನೂರು ರೊಟ್ಟಿ ಹೇಳಿದ್ದಾನೆ, ಜೋಳ ತರಬೇಕು ಎನ್ನುತ್ತೇನೆ. ಈಗ ಆರಾಮಾಗಿದೆ, ಶ್ರಾವಣ ಕಳೆಯಲಿ ಎನ್ನುತ್ತೇನೆ. ಸಿಟ್ಟು ಮಾಡುತ್ತೇನೆ. ಅಳುತ್ತೇನೆ. ನಿಮ್ಮಪ್ಪನ ಕೈಯಲ್ಲಿ ಕೇಳಿಸುತ್ತೇನೆ. ಕೊಡಬೇಡ. ಹತ್ತೊಂಬತ್ತು ದಿನ ನನ್ನ ಮಾತಿಗೆ ಉತ್ತರ ಕೊಡದೆ ಇದ್ದೆಯಲ್ಲ ನನ್ನ ಮಗಳೇ, ಇನ್ನು ಮೂರೇ ದಿನ ಹಾಗೆಯೇ ಇರು. ಕೊಡಬೇಡ.

ಹೊಟ್ಟೆ ತುಂಬ ಉಣ್ಣು, ಬೊಬ್ಬೆಗೆ ಎಣ್ಣೆ ಹಚ್ಚಿಕೋ, ನೂರು ವರ್ಷ ಬಾಳು.

ಬಹಳ ಹೆದರಿಕೊಂಡಿರುವ,
ನಿನ್ನ ಅವ್ವ
ಸುಶೀಲಾ